ಹೊಲಿಗಿ ಹನ್ನೊಂದು

ಖಾಜಾಹುಸೇನಂದು ಕಾಲೇ ಹೋತು, ಸಿಸ್ಟರ್,
ಮೊಣಕಾಲಿನ ಕೆಳಗ ಪೂರಾ.
ನಂದು ತಲಿಗಿ ಹನ್ನೊಂದು ಹೊಲಿಗಿ, ಎರಡು ಪಕ್ಕದ ಎಲುಬು. ಅಷ್ಟೇ.
ಒಂದೇ ಖಣಿ, ಒಂದೇ ಫರಸಿ, ಒಂದೇ ಮುಂಜಾನಿ.
ಅಂವ ಗೊರಕಿ ಹೊಡೀತಾನ.
ನಾ ಫ್ಯಾನಿನ ರೆಕ್ಕಿ ಎಣಸ್ತೀನಿ.
ಮೂರೇ ಅವ. ಮತ್ತ ಎಣಸ್ತೀನಿ.

ಕಾಗದ ಹಿಡಕೊಂಡು ನೀವು ಬಂದ್ರಿ.
ಮೊದಲ ಇಂಥಾದ್ದು ಏನರೆ ಆಗಿತ್ತೇನು?
ಇಲ್ಲ ಅಂದೆ. ಬರಕೊಂಡ್ರಿ.

ಶಾಬಾದದ ಹಳೇ ಖಣಿಯೊಳಗ ನೀರು ನಿಂತಿತ್ತು,
ನನಗ ಒಂಬತ್ತು ವರ್ಷ.
ಅಣ್ಣ ಅಂಗಿ ಮಡಚಿ ದಂಡಿಗಿ ಇಟ್ಟಿದ್ದ,
ಗಾಳಿಗಿ ಹಾರಬಾರದಂತ ಮ್ಯಾಲೊಂದು ಕಲ್ಲು.
ಸಂಜೀಕ ಆ ಕಲ್ಲು ತಗದಾಂವ ನಾನೇ.
ಇದು ಇಂಥಾದ್ದರಾಗ ಬರ್ತದೇನು, ಸಿಸ್ಟರ್?
ಬರೂದಿದ್ರ ಆ 'ಇಲ್ಲ' ಹೊಡದು ಹಾಕ್ರಿ.

ಸಾಯ್ತೀನಿ ಅನಸಿತ್ತೇನು?
ಖಾಜಾಗ ಅನಸಿಲ್ಲಂತ. ಕಲ್ಲು ಬಿತ್ತು,
ಕತ್ತಲಾತು, ಕಣ್ಣು ತೆರದ್ರ ಕಲಬುರಗಿ ದವಾಖಾನಿ.
ನಾ ಎಚ್ಚರಿದ್ದೆ.
ಧೂಳಿನಾಗ ನನ್ನ ಕೈ ಯಾರದೋ ಕೈ ಅನಸ್ತು,
ಬೆರಳು ಎಷ್ಟು ಚೊಲೋ ಅವ ಅಂತ
ನೋಡ್ಕೋತ ಬಿದ್ದಿದ್ದೆ.
ಮ್ಯಾಲ ಲಾರಿ ಹಿಂದ ಸರೀತಿತ್ತು, ಟೀಂವ್, ಟೀಂವ್,
ಕೆಳಗ ನಾವದೀವಂತ ಡ್ರೈವರಗ ಗೊತ್ತಿಲ್ಲ.
ಈಗ ಗೇಟಿನಾಗ ಆಂಬುಲೆನ್ಸ್ ಹಿಂದ ಸರದ್ರ ಸಾಕು,
ಬೆನ್ನು ಹಾಸಿಗಿ ಬಿಟ್ಟು ಮ್ಯಾಲೇಳ್ತದ,
ಬಾಯಾಗ ಫರಸಿ ಪುಡಿ.

ಮಾತಾಡಸೋರು ಯಾರದಾರ?
ಖಾಜಾನ ಸುತ್ತ ನೋಡ್ರಿ: ಮಾವ, ಅಳಿಯಂದಿರು, ನಾಕು ಡಬ್ಬಿ,
ಹೋದ ಕಾಲಿನ ಮ್ಯಾಲೇ ನಗಿಚಾಟಿ,
'ಇನ್ನ ಒಂದೇ ಚಪ್ಪಲಿಗಿ ರೊಕ್ಕ ಕೊಡು ಮಾರಾಯಾ.'
ನನ್ನ ಕಡಿ ಬಂದಾಂವ ಠೇಕೇದಾರನ ಗುಮಾಸ್ತ.
ಮೂರು ಸಲ ಹೇಳಸಿದ, ಹ್ಯಾಂಗಾತು, ಎಲ್ಲಿ ನಿಂತಿದ್ದಿ,
ಹೆಲ್ಮೆಟ್ ಇದ್ದಿಲ್ಲ ಅಂತ ಬರೀಲೇನು?
ಮೂರು ಸಲಾನೂ ಕಲ್ಲು ಬಿತ್ತು.
ಹೆಂಡ್ತಿ ಸೋಲಾಪುರದಾಗ ಅಕ್ಕನ ಬಾಣಂತನಕ್ಕ ಹೋಗ್ಯಾಳ.
ಫೋನಿನಾಗ, ಆರಾಮ ಅದೀನಿ, ಅಂದೀನಿ.

ನೀವು ಅಂಕಿ ಕೂಡಸ್ಲಿಕತ್ತೀರಿ.
ಎಷ್ಟಾತು ಅಂತ ಕೇಳಂಗಿಲ್ಲ ನಾ.
ಹೊಲಿಗಿ ನಾಳೆ ಬಿಚ್ತಾರಂತ,
ಡಾಕ್ಟರು ಪೂರಾ ಗುಣ ಅಂದ್ರು, ಬೆನ್ನು ಚಪ್ಪರಿಸಿ.
ಆ ಚಪ್ಪರಿಕಿಗೇ ನಾ ಬೆವತಿದ್ದು ಅವರು ನೋಡಲಿಲ್ಲ.

ಒಂದು ಮಾತು ಬಿಟ್ಟೆ.
ನಿನ್ನಿ ರಾತ್ರಿ ಮೂರು ಹೊಡದಿತ್ತು,
ಬಾಜೂ ಮಂಚದ ಗೊರಕಿ ನಿಂತು ಖಾಜಾ ಕೇಳಿದ:
'ಎಣಸೂದು ಮುಗೀತೇನು ದೌಲಪ್ಪಾ?'
ಮೂರು, ಅಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ:
'ನಾ ಎಣಿಸಿದ್ರೂ ಮೂರೇ.'

ಜಾಗ ಇದ್ರ ಅದನ್ನೂ ಬರಕೋರಿ.