ಲಕ್ಷಕ್ಕೆ ಎಂಟುನೂರಾ ಅರವತ್ತೆಂಟು

ನಾಳೆ ಒಂಬತ್ತೂವರೆಗೆ ಶಿವಾಜಿನಗರ, ಮೂರನೇ ಮಹಡಿ.
ಕಪ್ಪು ಪೆನ್ನು, ಎರಡು ಫೋಟೊ, ಕ್ಯಾಲ್ಕುಲೇಟರು.
ಕ್ಯಾಲ್ಕುಲೇಟರು ಕಿರಾಣಿ ಅಂಗಡಿಯ ಪೋಪಟಭಾವು ಕೊಟ್ಟದ್ದು;
ಏಳು ಒತ್ತಿದರೆ ಎರಡು ಸಲ ಬೀಳುತ್ತದೆ.
ಅದಕ್ಕೇ ಬಾಯಿಪಾಠ ಮಾಡುತ್ತಿದ್ದೇನೆ, ಮಗ್ಗಿಯ ಹಾಗೆ:
ಇಪ್ಪತ್ತು ವರ್ಷಕ್ಕೆ, ಎಂಟೂವರೆ ಬಡ್ಡಿಗೆ,
ಲಕ್ಷಕ್ಕೆ ಎಂಟುನೂರಾ ಅರವತ್ತೆಂಟು,
ಎರಡಕ್ಕೆ ಸಾವಿರದ ಏಳುನೂರಾ ಮೂವತ್ತಾರು,
ಐದಕ್ಕೆ ನಾಕು ಸಾವಿರದ ಮುನ್ನೂರಾ ನಲವತ್ತು.
ವಾರ್ಜೆಯ ಈ ಒಂದು ಖೋಲಿಯಲ್ಲಿ
ಇಷ್ಟು ಲಕ್ಷ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ.
ಗೋಡೆಯಾಚೆಯ ಶಿಂದೆಬಾಯಿ ಟೀವಿ ಸಣ್ಣ ಮಾಡಿದ್ದಾಳೆ.

ಗುಂಪಿನ ಆಟವೊಂದು ಇರುತ್ತದಂತೆ.
ಮರುಭೂಮಿಯಲ್ಲಿ ವಿಮಾನ ಬಿದ್ದಿದೆ, ಆರು ಜನ ಉಳಿದಿದ್ದೀರಿ,
ಹದಿನೈದು ಸಾಮಾನಿನಲ್ಲಿ ಐದು ಆರಿಸಿ, ಕಾರಣ ಕೊಡಿ.
ಮೂಲೆಯಲ್ಲಿ ಕೂತವರು ಬರೆದುಕೊಳ್ಳುತ್ತಾರೆ
ಯಾರು ಕೇಳಿಸಿಕೊಂಡರು, ಯಾರು ಬರೀ ಬಾಯಿ ಮಾಡಿದರು.
ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಹೇಳಿದಳು:
"ನೀರಿನ ಕೊಡ, ತಾಡಪತ್ರಿ, ಕಡ್ಡಿಪೆಟ್ಟಿಗಿ, ಕೂಸು."
ಹನ್ನೊಂದು ಸೈಟಿಗೆ ಹನ್ನೊಂದು ತಗಡಿನ ಶೆಡ್ಡು
ಬಿಚ್ಚಿ ಕಟ್ಟಿದವಳಿಗೆ ಯೋಚನೆ ಯಾತಕ್ಕೆ?
"ಐದನೇದು?"
"ನಿಮ್ಮಪ್ಪ. ಜಗಳಾಡಾಕ ಯಾರರ ಬೇಕಲ್ಲ."

ಕೊನೆಗೆ ರೋಲ್ ಪ್ಲೇ. ನಾನು ಸಲಹೆಗಾರ್ತಿ, ಅಪ್ಪ ಗಿರಾಕಿ.
ಅಂಗಿ ಬದಲಿಸಿ ಬಂದ. ಹೊಸ್ತಿಲಾಚೆ ಚಪ್ಪಲಿ ಬಿಟ್ಟ.
"ಅಲ್ಲಿ ಹಾಕ್ಕೊಂಡೇ ಬರತಾರ" ಎಂದೆ.
ಹಾಕಿಕೊಂಡು ಬಂದು ಚಾಪೆಯ ಅಂಚಿಗೆ ನಿಂತ,
ಕೂಡ್ರಿ ಎನ್ನುವವರೆಗೆ ಕೂಡಲಿಲ್ಲ.

"ನಮಸ್ಕಾರ ಸರ್, ಎಂಥ ಮನೆ ನೋಡುತ್ತಿದ್ದೀರಿ?"
ಬಡ್ಡಿ ಕೇಳಲಿಲ್ಲ, ಕಂತು ಕೇಳಲಿಲ್ಲ.
"ಸ್ಲ್ಯಾಬ್ ಯಾವಾಗ ಹಾಕ್ಯಾರ, ಮಳಿಯಾಗೇನು?
ಎಷ್ಟು ದಿನ ನೀರುಣಿಸ್ಯಾರ?
ಬಚ್ಚಲದ ಇಳಿಜಾರು ಯಾವ ಕಡಿಗೈತಿ?"
ನನ್ನ ಹಾಳೆಯಲ್ಲಿ ಇದಕ್ಕೆ ಉತ್ತರವಿಲ್ಲ.
"ಅದನ್ನ ನಮ್ಮ ಇಂಜಿನಿಯರು ನೋಡುತ್ತಾರೆ ಸರ್."
"ಅವ ಬರೂದು ಬಣ್ಣ ಹೊಡದ ಮ್ಯಾಲ," ಎಂದ ಗಿರಾಕಿ.

ಹೆಸರು? ಮಲಕಪ್ಪ ಭೀಮಶಾ ತಳಕೇರಿ.
ಕೆಲಸ? ಸೆಂಟ್ರಿಂಗ್.
ವಯಸ್ಸು? ಆಧಾರಿನಲ್ಲಿ ಐವತ್ತೆರಡು.
ಸಂಬಳದ ಚೀಟಿ?
ಕಿಸೆಯಿಂದ ಸಣ್ಣ ಡೈರಿ ತೆಗೆದು ಮುಂದಿಟ್ಟ.
ದಿನಕ್ಕೊಂದು ಗೀಟು,
ಅರ್ಧ ದಿನಕ್ಕೆ ಅರ್ಧ ಗೀಟು.

ಅರವತ್ತಕ್ಕೆ ಸಾಲ ಮುಗಿಯಬೇಕು. ಉಳಿದದ್ದು ಎಂಟೇ ವರ್ಷ.
ಲಕ್ಷಕ್ಕೀಗ ಸಾವಿರದ ನಾನೂರಾ ಮೂವತ್ತೊಂಬತ್ತು.
ಗೀಟುಗಳನ್ನು ಎಣಿಸಿದೆ. ಮತ್ತೆ ಎಣಿಸಿದೆ.
"ಕ್ಷಮಿಸಿ ಸರ್,
ಸದ್ಯಕ್ಕೆ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ."

ಹಂಚಿನ ಮೇಲೆ ರೊಟ್ಟಿ ಉಬ್ಬಿ ಇಳಿಯಿತು.
"ಇನ್ನೊಮ್ಮಿ ಅನ್ನು ನೀಲಗಂಗಾ," ಎಂದ ಅಪ್ಪ.
"ಹೇಳುವಾಗ ಕೆಳಗ ನೋಡಿದಿ.
ನೀ ಕೆಳಗ ನೋಡಿದ್ರ ಅವಗ ತನ್ನ ಚಪ್ಪಲಿ ನೆನಪಾಗ್ತಾವ."
ಅಂದೆ. ದನಿ ನಡುಗಿತು.
"ಮತ್ತ."
ಅಂದೆ. ಬಾಯಲ್ಲಿ ಮರಾಠಿ ಬಂತು.
"ಮತ್ತ. ಅವಸರ ಬ್ಯಾಡ."
ಆರನೇ ಸಲ ಕಣ್ಣಲ್ಲಿ ಕಣ್ಣಿಟ್ಟು,
ಮುಂದಿನ ಸಲ ತರಬೇಕಾದ ಕಾಗದಗಳ ಹೆಸರು ಬರೆದುಕೊಟ್ಟು,
ಎದ್ದು ನಿಂತು, ಇಲ್ಲ ಎಂದೆ.
"ಹಾಂ. ಈಗ ಆತು."
ಲೆವಲ್ ಟ್ಯೂಬಿನ ಎರಡೂ ತುದಿಯಲ್ಲಿ ನೀರು ನಿಂತಾಗ
ಅನ್ನುತ್ತಾನಲ್ಲ, ಅದೇ ದನಿಯಲ್ಲಿ.
ಆಮೇಲೆ ಹೊಸ್ತಿಲಾಚೆ ಹೋಗಿ ಚಪ್ಪಲಿ ಬಿಟ್ಟು ಬಂದ.

ದೀಪ ಆರಿಸಿದ ಮೇಲೆ ಕತ್ತಲಲ್ಲೊಂದು ಪ್ರಶ್ನೆ:
"ನಿನ್ನ ವಯಸ್ಸಿನವರಿಗೆ ಎಷ್ಟ ವರ್ಷ ಕೊಡ್ತಾರ?"
"ಮೂವತ್ತು. ಮಲಗಪಾ."
"ಮೂವತ್ತು," ಎಂದ,
ಟೇಪು ಎಳೆದು ಹಿಡಿದವನಂತೆ. ಮತ್ತೇನೂ ಅನ್ನಲಿಲ್ಲ.

ನಿದ್ದೆ ಯಾವಾಗ ಬಂತೋ.
ಮಾಳವಾಡಿಯ ಮೊದಲ ಬಸ್ಸು ಗೇರು ಬದಲಿಸಿದ ಸದ್ದಿಗೆ
ಅವ್ವ ನನ್ನ ಹೆಗಲು ಮುಟ್ಟಿ, ಏಳು, ಎಂದಳು.
ಆಮೇಲೆ ಮತ್ತೊಮ್ಮೆ, ಏಳು.

ಎರಡು ಸಲ ಬಿತ್ತು.