ತೂಕಕ್ಕೆ ಸಿಕ್ಕ ದೇಶಗಳು

ಕಿಲೋಗೆ ನಲವತ್ತು ರೂಪಾಯಿ.
ಮುನೀರ್ ಸಾಬರ ತಕ್ಕಡಿಯಲ್ಲಿ
ಜಪಾನು ಇನ್ನೂರು ಗ್ರಾಂ,
ಪೆರು ಅದಕ್ಕಿಂತ ಹಗುರ, ರಟ್ಟು ಹೋಗಿದೆ.
ಈಜಿಪ್ಟಿಗೆ ಮಾತ್ರ ಗಟ್ಟಿ ಬೈಂಡು.
"ಇದೊಂದು ಭಾರ ಅಕ್ಕಾ,
ಇರ್ಲಿ, ಮುಕ್ಕಾಲು ಕಿಲೋ ಅಂತ ಹಿಡೀತೀನಿ."

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಮೊಟ್ಟೆಯ ಟ್ರೇ, ಹಳೇ ಗೈಡು, ಮದುವೆ ಕಾಗದಗಳ ನಡುವೆ
ಕುಕ್ಕರಗಾಲಲ್ಲಿ ಕೂತು ಹುಡುಕುತ್ತೇನೆ.
ಯಾವುದಾದರೂ ಎಸ್ಟೇಟಿನ ಬಂಗಲೆ ಕೈಬದಲಾದಾಗ
ಸಕಲೇಶಪುರದ ಕಡೆಯಿಂದ ಒಂದು ಮೂಟೆ ಬರುತ್ತದೆ.
ಮೊದಲ ಪುಟದಲ್ಲಿ ಯಾವುದೋ ಮಗುವಿನ ಹೆಸರು,
ಹುಟ್ಟುಹಬ್ಬದ ಹಾರೈಕೆ, ಇಸವಿ.
ಲೆಕ್ಕ ಹಾಕಿದರೆ
ಆ ಮಗುವಿಗೀಗ ನನ್ನ ವಯಸ್ಸು.

ಶಾಲೆ ಯಾಕೆ ಬಿಡಿಸಿದಿರಿ ಅನ್ನುವವರಿಗೆ
ಮೂರು ಉತ್ತರ ಇಟ್ಟುಕೊಂಡಿದ್ದೇನೆ:
ಅತ್ತೆಗೊಂದು, ಪಕ್ಕದ ಮನೆಗೊಂದು,
ರಾತ್ರಿ ನನಗೆ ನಾನೇ ಹೇಳಿಕೊಳ್ಳುವುದೊಂದು.
ಮೂರನೆಯದು ಇನ್ನೂ ಬಾಯಿಪಾಠವಾಗಿಲ್ಲ.

ಗ್ರಂಥಾಲಯಕ್ಕೂ ಹೋಗಿದ್ದೆವು.
ಮಕ್ಕಳ ಕಪಾಟಿನ ಬೀಗದ ಕೈ ರಜೆಯ ಮೇಲಿತ್ತು.
ಕಪಾಟಿನ ಮೇಲಿನ ಗ್ಲೋಬು ತುಕ್ಕು ಹಿಡಿದು
ತಿರುಗದೆ, ಬಂದವರಿಗೆಲ್ಲ ಅಟ್ಲಾಂಟಿಕ್ಕನ್ನೇ ತೋರಿಸುತ್ತಿತ್ತು.
ಇಬ್ಬನಿ, ಒಂಬತ್ತು ವರ್ಷದವಳು,
ಸ್ಟೂಲು ಹತ್ತಿ ಹಿಂದಕ್ಕೆ ಇಣುಕಿ
"ಅಮ್ಮಾ, ನಾವು ಗೋಡೆ ಕಡೆ ಇದೀವಿ" ಅಂದಳು.

ಎಲ್ಲ ದೇಶದ ಮಕ್ಕಳೂ ಇರುವ ದಪ್ಪ ಪುಸ್ತಕ
ಸಿಕ್ಕಿದ್ದು ಆ ವಾರವೇ. ಇಂಗ್ಲಿಷಿನದು.
ಒಲೆ ಮುಂದೆ ನಿಂತು ಕನ್ನಡ ಮಾಡಿ ಹೇಳುತ್ತೇನೆ,
ಅರ್ಥವಾಗದ ಕಡೆ ಅಂದಾಜಿನ ಮೇಲೆ ಉಪ್ಪು ಹಾಕುತ್ತೇನೆ.
ನಮ್ಮ ದೇಶದ ಪುಟದಲ್ಲಿ
ಪೇಟ ಸುತ್ತಿದ ಹುಡುಗ, ಬುಟ್ಟಿಯಿಂದೇಳುವ ಹಾವು,
ಹಿಂದೆ ಒಂದು ಆನೆ.
ಬಹಳ ಹೊತ್ತು ನೋಡಿದಳು.
"ಆನೆ ಸರಿ" ಅಂದಳು.
ಆಲೂರಿನ ಅಜ್ಜಿಯ ಗದ್ದೆಗೆ ಮೊನ್ನೆ ತಾನೇ ನುಗ್ಗಿತ್ತು.
"ಆದ್ರೆ ಈ ಹುಡುಗ ಯಾರು?"
ಆಮೇಲೆ ಮೊದಲಿಂದ ಒಂದೊಂದೇ ಪುಟ ತಿರುವಿ
ಮಂಜಿನ ಮನೆಯವನ ಮೇಲೆ, ಡೋಲು ಬಡಿಯುವವಳ ಮೇಲೆ
ಬೆರಳಿಟ್ಟು ಕೇಳಿದಳು:
"ಹಾಗಾದ್ರೆ ಇವನೂ ಸುಳ್ಳಾ? ಇವಳೂನಾ?"
ಅನ್ನ ತಳ ಹಿಡಿಯುತ್ತಿತ್ತು.
ನಾನು ಆ ಕಡೆ ತಿರುಗಿದೆ.

ಡಿಸೆಂಬರಿಗೆ ಸ್ವೆಟರಿನವರು ಬಂದರು, ಬೈಲಕುಪ್ಪೆಯಿಂದ.
ಬಿ.ಎಂ. ರಸ್ತೆಯ ಬದಿಗೆ ನೀಲಿ ಟಾರ್ಪಾಲು.
ನನ್ನ ಚೀಲದಲ್ಲಿ ಆ ದಪ್ಪ ಪುಸ್ತಕ ಯಾವಾಗ ಸೇರಿತೋ,
ಡೋಲ್ಕರ್ ಎಂಬ ಹೆಂಗಸಿನ ಮುಂದೆ
ಟೋಪಿಗಳ ಮೇಲೇ ಬಿಡಿಸಿಟ್ಟಳು.
ಬಿಳಿ ಬೆಟ್ಟ, ಕೆಂಪು ಕೆನ್ನೆಯ ಹುಡುಗಿ, ಕೂದಲು ಜೋಲುವ ಒಂದು ಪ್ರಾಣಿ.
"ನಿಮ್ಮನೇಲಿ ಯಾಕ್ ಇದೆಯಾ?"
"ಯಾಕೆ ಅಂತಾನಾ?"
ಇಬ್ಬರೂ ನಕ್ಕರು.
"ನಾನು ಹುಟ್ಟಿದ್ದೇ ಇಲ್ಲಿ ಪುಟ್ಟಿ. ಅದನ್ನ ನೋಡಿರೋದು ಫೋಟೋದಲ್ಲೇ.
ನಮಗಿರೋದು ಎರಡು ಸೀಮೆ ಹಸು, ಒಂದಿಷ್ಟು ಮುಸುಕಿನ ಜೋಳ."
ನಗು ಹಾಗೇ ಇತ್ತು, ಹೆಬ್ಬೆರಳು ಮಾತ್ರ
ಬೆಟ್ಟದ ಅಂಚಿನ ಮೇಲೆ ಮೆಲ್ಲಗೆ ಹತ್ತಿ ಇಳಿಯಿತು.
"ಅಮ್ಮ ಹೇಳೋದು ಇದೇ ಥರದ್ದು...
ಎರಡು ದಿನ ಕೊಡ್ತೀಯಾ? ಅವಳಿಗೆ ತೋರಿಸ್ತೀನಿ."

ಕೇಳಿದ್ದು ನನ್ನನ್ನಲ್ಲ.
ಇಬ್ಬನಿ ತನ್ನ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಂಡಳು, ತಾರೀಖು ಹಾಕಿದಳು,
"ತಡವಾದ್ರೆ ದಂಡ ಇಲ್ಲ" ಅಂದಳು.

ಟಾರ್ಪಾಲು ಇದ್ದಲ್ಲಿ ಈಗ ಕಲ್ಲಂಗಡಿ ರಾಶಿ.
ಹೊಸ ಮೂಟೆ ಬಂದಿದೆ, ಬ್ರೆಜಿಲ್ ಇದೆ ಎಂದು
ಮುನೀರ್ ಸಾಬರು ಹೇಳಿ ಕಳಿಸಿದ್ದಾರೆ.
ನಮ್ಮ ಕಪಾಟಿನಲ್ಲಿ ನಾಲ್ಕು ಬೆರಳಿನ ಸಂದು.
ಅಲ್ಲಿ ಏನೂ ಇಡಬೇಡ ಅಂದಿದ್ದಾಳೆ.
ರಾತ್ರಿಯೆಲ್ಲ ಈಜಿಪ್ಟು ಆ ಕಡೆಗೆ ವಾಲುತ್ತದೆ,
ಬೆಳಿಗ್ಗೆ ಎದ್ದು, ಹಲ್ಲುಜ್ಜುವ ಮೊದಲೇ,
ನೆಟ್ಟಗೆ ನಿಲ್ಲಿಸುತ್ತಾಳೆ.