ಕಡೀ ರೀಲು

ರವಿವಾರ ಸಂಜೀ ಆರಕ್ಕ ಬರ್ರಿ, ಮೈಲಾರಿ, ರೇಷ್ಮಾ, ಇಬ್ರೂ.
ಹುಬ್ಬಳ್ಳಿ ರೈಲ್ವೆ ಇನ್‌ಸ್ಟಿಟ್ಯೂಟಿನ ಹಾಲು, ಎಡಗಡೆ ಬಾಗಲಾ.
ಬಲಗಡೇದು ಕಿರಗುಡತೈತಿ; ಅದನ್ನ ತಗದ್ರ
ನಾನ ಎದ್ದು ಬಂದು ಹೊರಗ ಹಾಕತೇನಿ.

ಸಿನಿಮಾದ ಹೆಸರು ಕೇಳಬ್ಯಾಡ್ರಿ, ನಾಲಿಗಿ ಹೊಳ್ಳೂದಿಲ್ಲ.
ಫ್ರೆಂಚರು ಬರದದ್ದರಾಗ ಅರ್ಧ ಅಕ್ಷರ ನುಂಗತಾರಂತ,
ಎಲೀ ಜೋಡಿ ಅಡಕಿ ನುಂಗಿದಂಗ.
ನಮ್ಮ ಆಪರೇಟರ್ ಇಮಾಮಸಾಬ ನದಾಫ ಹೇಳತಿದ್ದ.

ಬಣ್ಣಿಲ್ಲ. ಹಾಡಿಲ್ಲ. ಫೈಟಿಂಗ್ ಅಂದ್ರ
ಕಪಾಳಕ್ಕ ಒಂದ ಏಟು, ಅದೂ ಕೊಟ್ಟಾಕೀನ ಅಳತಾಳ.
ಒಂದು ಬಂದರದ ಊರು. ಇಸ್ತ್ರಿ ಅಂಗಡಿಯಾಕಿ.
ಒಂದು ಕೋಟು ಬರತೈತಿ, ಮೂರು ಗುಂಡಿ ಅದಾವು,
ನಾಕನೇದರ ಜಾಗಾದಾಗ ಬರೇ ದಾರ.
ಆ ದಾರಕ್ಕ ಎರಡು ತಾಸು ನಿಮ್ಮ ಉಸರು ಜೋತಬೀಳತೈತಿ.

ಯಾರು ಕೊಂದ್ರು ಅಂತ ತಲಿ ಕೆಡಿಸಿಕೋಬ್ಯಾಡ್ರಿ,
ಹತ್ತನೇ ಮಿನಿಟಿಗೇ ಹೇಳಿಬಿಡತಾರ.
ಹೇಳಿದ ಮ್ಯಾಲ ಅಂಜಿಕಿ ಸುರು.
ಆಕಿ ಮುಖ ಬಿಟ್ಟು ಕೈ ನೋಡ್ರಿ:
ಪೆಟಗಿ ಕಾದೈತೋ ಇಲ್ಲೋ ಅಂತ
ಬಟ್ಟು ತೊಯಿಸಿ ಮುಟ್ಟತಾಳ, ಚುಂಯ್ ಅಂತೈತಿ.
ಮೂರನೇ ಸಲಾ ತೊಯಿಸೂದ ಮರೀತಾಳ.
ಪೊಲೀಸನಾಂವ ಬಂದು ಹಿಂದ ನಿಂತಾನಂತ
ನಮಗ ತಿಳಿಯೂದು ಅವಾಗ.
ವರ್ಕ್‌ಶಾಪಿನ್ಯಾಗ ಮೂವತ್ತೊಂದು ವರ್ಷ
ಕಾದ ಕಬ್ಬಿಣದ ಜೋಡಿ ಬಾಳೇ ಮಾಡಿದಾಂವ ನಾ,
ಆ ಬಟ್ಟಿನ ಸುದ್ದಿ ಗೊತ್ತೈತಿ.

ಕೆಳಗ ಇಂಗ್ಲೀಷ್ ಅಕ್ಷರಾ ಬರತಾವು; ಓದಾಕ ಹೋದ್ರ ಕೈ ತಪ್ಪತೈತಿ.
ನಾವು ನೋಡಿದಾಗ ಅವೂ ಇರಲಿಲ್ಲ.
ಮುನ್ನೂರು ಮಂದಿ, ಎಣ್ಣಿ ಹತ್ತಿದ ಖಾಕಿ ಅಂಗಿ,
ಗಿರ್ಮಿಟ್ಟಿನ ಪೊಟ್ಟಣಾ ಅರ್ಧಾ ಬಿಚ್ಚಿ ಹಂಗ ಹಿಡಕೊಂಡು ಕುಂತಿದ್ವಿ,
ಕಾಗದ ಸಪ್ಪಳಾದೀತು ಅಂತ.
ಯಾವನೋ ಕೆಮ್ಮಿದ್ದಕ್ಕ
ಪರದೇ ಮ್ಯಾಲಿನ ಆಕಿ ಹೊಳ್ಳಿ ನೋಡಿದಂಗಾತು.

ಕಡೀಕ ಅಂವ ಮೆಟ್ಟಲಾ ಹತ್ತತಾನ. ಕಟ್ಟಗಿ ಮೆಟ್ಟಲಾ, ಹನ್ನೊಂದು ಎಣಿಸೀನಿ.
ಆಕಿ ಪೆಟಗಿ ಎತ್ತತಾಳ,
ಕೋಟಿನ ಮ್ಯಾಲ ಇಡಾಕೋ, ಮತ್ತೇನಕ್ಕೋ.
ಬಾಗಲಾ ಬಡೀತೈತಿ.

ಮುಂದ ಹೇಳೂದಿಲ್ಲ.

ರೇಷ್ಮಾ, ಹಂಗ್ಯಾಕ ನಗತಿ?
ಖರೇ ಹೇಳತೇನಿ ತಗೋ: ಕಡೀ ರೀಲಿನ ಡಬ್ಬಿ
ಆವತ್ತ ಹುಬ್ಬಳ್ಳಿಗೆ ಇಳೀಲಿಲ್ಲ, ಗಾಡಿ ಜೋಡಿ ಗುಂತಕಲ್ಲಿಗೆ ಹೋತು.
ಇಮಾಮಸಾಬ ಪರದೇ ಮ್ಯಾಲ ಬರೇ ಬೆಳಕ ಬಿಟ್ಟು ಕುಂತಾ.
ಯಾರೂ ರೊಕ್ಕಾ ಹೊಳ್ಳಿ ಕೇಳಲಿಲ್ಲ.

ನಲವತ್ತಮೂರು ವರ್ಷಾತು, ಆ ಬಾಗಲಾ ಇನ್ನೂ ಬಡೀತೈತಿ.
ಎಷ್ಟ ಕಡೀ ಕಟ್ಟೀನಿ ನಾನ!
ರಾತ್ರಿ ಪಾಳೀಗೊಂದು, ಪೆನ್ಶನ್ ಬಂದ ದಿನಾ ಒಂದು,
ಒಂದರಾಗ ಆಕೀನ ಹಡಗ ಹತ್ತಿಸಿ ಕಳಿಸೇನಿ.
ನನ್ನ ಹೇಣ್ತಿ ತೀರಿದ ವರ್ಷ
ಬಾಗಲಾ ತಗದ್ರ ಅಲ್ಲಿ ಯಾರೂ ಇರಲಿಲ್ಲ.

ಈಗ ಪೆನ್‌ಡ್ರೈವಿನ್ಯಾಗ ಪೂರಾ ಐತಂತ, ಹೆಬ್ಬಟ್ಟಿನಷ್ಟು.
ನೀವು ಕುಂತು ನೋಡ್ರಿ.
ಬಾಗಲಾ ಬಡದ ಕೂಡ್ಲೇ ನಾ ಎದ್ದು ಚಾಕ್ಕ ಹೋಗತೇನಿ,
ಎಡಗಡೇ ಬಾಗಲದಾಗ, ಸಪ್ಪಳ ಮಾಡದ.
ಮುಗದ ಮ್ಯಾಲ ಏನೂ ಹೇಳಬ್ಯಾಡ್ರಿ ನನಗ.
ಹೊರಗ ಬಂದು ಲೈಟಿನ ಕೆಳಗ ಒಂದೀಟು ನಿಲ್ರಿ,
ನಿಮ್ಮ ಕೈ ನೋಡತೇನಿ.